ಅಂಕಪಟ್ಟಿ ತಡವಾಗಿ ಬಂದ ಊರು: ದಿಲ್ಲಿಯ ಕಪ್‌ಗಳು, ಮಕ್ಕಳ ಫುಟ್‌ಬಾಲ್ ಮತ್ತು ಒಂದು ಸಣ್ಣ ಲೆಕ್ಕ

ಪೂರ್ತಿ ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಮೆಟ್ರೋದಲ್ಲಿ ಕೂತು ಓದಿಕೊಳ್ಳಲಿ ಅಂತ, ಎಂದಿನ ಹಾಗೆ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಇವತ್ತಿನ ವಿಷಯ ಫುಟ್‌ಬಾಲ್. ನೀವೇ ಯೋಚನೆ ಮಾಡಿ ನೋಡಿ. ಸೋಮವಾರ ಬೆಳಿಗ್ಗೆ ಆಫೀಸ್ ಕ್ಯಾಂಟೀನ್‌ನಲ್ಲಿ ಆರ್ಸೆನಲ್ ಎಷ್ಟನೇ ಸ್ಥಾನದಲ್ಲಿದೆ, ಎವರ್ಟನ್ ಕೆಳಗಿಳಿಯುತ್ತಾ ಉಳಿಯುತ್ತಾ ಅಂತ ಚರ್ಚೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಾವು ಬಾಡಿಗೆ ಕಟ್ಟಿ ಬದುಕ್ತಿರೋ ಈ ಎನ್‌ಸಿಆರ್‌ನ ಒಂದು ಕ್ಲಬ್ ಹೆಸರು ಹೇಳಿ ಅಂದ್ರೆ ಮಾತು ನಿಂತು ಹೋಗುತ್ತೆ. ಅದು ನಮ್ಮ ತಪ್ಪಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ಇತಿಹಾಸ ಇದೆ. ಆ ಇತಿಹಾಸದ ಬಾಲ ಇವತ್ತು ನಮ್ಮ ಮಕ್ಕಳ ಶನಿವಾರ, ಭಾನುವಾರಗಳವರೆಗೂ ಬಂದು ತಾಗುತ್ತೆ. ಅದಕ್ಕೇ ಈ ಮಾತು.

ಒಂದೇ ವರ್ಷ, ಎರಡು ಆರಂಭ

1888ನ್ನು ನೆನಪಿಟ್ಟುಕೊಳ್ಳಿ. ಆ ವರ್ಷ ಎರಡು ಘಟನೆ ನಡೆದವು. ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ನಮ್ಮ ಶಿಮ್ಲಾದಲ್ಲಿ.

ಇಂಗ್ಲೆಂಡಿನದು ಮೊದಲು. ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ಮೆಕ್‌ಗ್ರೆಗರ್ ಅನ್ನೋ ಬಟ್ಟೆ ಅಂಗಡಿಯವನಿದ್ದ, ಆಸ್ಟನ್ ವಿಲ್ಲಾ ಕ್ಲಬ್ ನಡೆಸುವವರಲ್ಲಿ ಒಬ್ಬ. ಅವನ ತಲೆನೋವು ಬಹಳ ಸರಳ. ಶನಿವಾರ ಮ್ಯಾಚ್ ಇದೆ ಅಂತ ಊರಿಗೆಲ್ಲ ಸಾರಿರುತ್ತಾರೆ. ಅಷ್ಟರಲ್ಲಿ ಎದುರು ತಂಡಕ್ಕೆ ಎಫ್‌ಎ ಕಪ್‌ನ ಮರುಪಂದ್ಯ ಬಂತು ಅಂತ ಈ ಮ್ಯಾಚ್ ರದ್ದು. ಟಿಕೆಟ್ ದುಡ್ಡು ಇಲ್ಲ, ಆಟಗಾರರ ಸಂಬಳ ಮಾತ್ರ ತಪ್ಪಲ್ಲ. 1888ರ ಮಾರ್ಚ್‌ನಲ್ಲಿ ಅವನು ಕೆಲವು ಕ್ಲಬ್‌ಗಳಿಗೆ ಕಾಗದ ಬರೆದ: ನಾವೊಂದಷ್ಟು ಜನ ಸೇರಿ, ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಬಂದು ಆಡುವ ಮ್ಯಾಚ್‌ಗಳನ್ನು ಮೊದಲೇ ನಿಗದಿ ಮಾಡಿಕೊಳ್ಳೋಣ ಅಂತ. ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ 12 ಕ್ಲಬ್‌ಗಳು ಸೇರಿ ಫುಟ್‌ಬಾಲ್ ಲೀಗ್ ಹುಟ್ಟಿತು. ಸೆಪ್ಟೆಂಬರ್ 8ರಂದು ಆಟ ಶುರು.

ಇಲ್ಲೊಂದು ಸ್ವಾರಸ್ಯ ಇದೆ. ಆಟ ಶುರುವಾದಾಗ ಪಾಯಿಂಟ್ ಹೇಗೆ ಕೊಡಬೇಕು ಅಂತಲೇ ತೀರ್ಮಾನ ಆಗಿರಲಿಲ್ಲ. ಗೆದ್ದವರಿಗೆ 2, ಡ್ರಾ ಆದರೆ 1 ಅಂತ ಗೊತ್ತುಪಡಿಸಿದ್ದು ನವೆಂಬರ್‌ನಲ್ಲಿ. ಅಂದ್ರೆ ಮೊದಲು ಬಂದದ್ದು ವೇಳಾಪಟ್ಟಿ, ಆಮೇಲೆ ಬಂದದ್ದು ಅಂಕಪಟ್ಟಿ. ‘ನಿಮಗೆ ವರ್ಷಕ್ಕೆ ಇಷ್ಟು ಮ್ಯಾಚ್ ಖಾತ್ರಿ’ ಅನ್ನೋದೇ ಲೀಗ್‌ನ ಮೂಲ ಉದ್ದೇಶ. ಯಾರು ಮೇಲೆ, ಯಾರು ಕೆಳಗೆ ಅನ್ನೋದು ಅದರ ಜೊತೆಗೆ ಬಂದ ಲೆಕ್ಕ.

ಈಗ ಶಿಮ್ಲಾ. ಅದೇ 1888ರಲ್ಲಿ ಬ್ರಿಟಿಷ್ ಇಂಡಿಯಾದ ವಿದೇಶಾಂಗ ಕಾರ್ಯದರ್ಶಿ ಮಾರ್ಟಿಮರ್ ಡ್ಯುರಾಂಡ್, ಶಿಮ್ಲಾದ ಆನಂಡೇಲ್ ಮೈದಾನದಲ್ಲಿ ಸೈನಿಕರ ತಂಡಗಳಿಗೆ ಅಂತ ಒಂದು ಕಪ್ ಇಟ್ಟ. ಹೌದು, ಮುಂದೆ ಅಫ್ಘಾನಿಸ್ತಾನದ ಜೊತೆ ಗಡಿರೇಖೆ ಎಳೆದ ಅದೇ ಡ್ಯುರಾಂಡ್. ಮೊದಲ ಫೈನಲ್‌ನಲ್ಲಿ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ತಂಡ ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿಯನ್ನು 2-1ರಿಂದ ಸೋಲಿಸಿತು. ಏಷ್ಯಾದಲ್ಲಿ ಇವತ್ತಿಗೂ ನಡೀತಿರೋ ಅತ್ಯಂತ ಹಳೇ ಫುಟ್‌ಬಾಲ್ ಟೂರ್ನಿ ಇದು.

ಒಂದೇ ವರ್ಷ. ಅವರು ಅಲ್ಲಿ ಲೀಗ್ ಕಟ್ಟಿಕೊಂಡರು, ನಮಗೆ ಇಲ್ಲಿ ಕಪ್ ಇಟ್ಟರು. ಮುಂದಿನ ಕಥೆಯೆಲ್ಲ ಈ ವ್ಯತ್ಯಾಸದ್ದೇ.

ಎಕ್ಸೆಲ್ ಶೀಟ್ ತೆಗೀರಿ

ನಮ್ಮವರಿಗೆ ಲೆಕ್ಕದಲ್ಲಿ ಹೇಳಿದ್ರೆ ಬೇಗ ಅರ್ಥ ಆಗುತ್ತೆ. 32 ತಂಡಗಳ ನಾಕೌಟ್ ಟೂರ್ನಿ ಇಟ್ಕೊಳ್ಳಿ. ಒಟ್ಟು ಮ್ಯಾಚ್ 31. ಅದರಲ್ಲಿ 16 ತಂಡ ಒಂದೇ ಒಂದು ಮ್ಯಾಚ್ ಆಡಿ ಬ್ಯಾಗ್ ಕಟ್ಟುತ್ತೆ. ಇನ್ನು 8 ತಂಡ ಎರಡು ಮ್ಯಾಚ್‌ಗೆ ಮುಗಿಸುತ್ತೆ. ಅಂದ್ರೆ ಮುಕ್ಕಾಲು ಪಾಲು ಮಕ್ಕಳಿಗೆ ಸಿಕ್ಕಿದ್ದು ಹೆಚ್ಚೆಂದರೆ ಎರಡು ಮ್ಯಾಚ್. ಐದು ಮ್ಯಾಚ್ ಸಿಗೋದು ಫೈನಲ್‌ಗೆ ಬಂದ ಎರಡೇ ತಂಡಕ್ಕೆ. ಅವರಾದರೋ ಮೊದಲೇ ಚೆನ್ನಾಗಿ ಆಡುವವರು.

ಈಗ 12 ತಂಡಗಳ ಲೀಗ್. ಪ್ರತಿ ತಂಡಕ್ಕೂ 22 ಮ್ಯಾಚ್. ಮೊದಲನೆಯವರಿಗೂ 22, ಕಡೆಯವರಿಗೂ 22. ಮೊದಲ ವರ್ಷ ಇಂಗ್ಲೆಂಡಿನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ 22ರಲ್ಲಿ 18 ಗೆದ್ದು, 4 ಡ್ರಾ ಮಾಡಿ, ಒಂದನ್ನೂ ಸೋಲದೆ ಚಾಂಪಿಯನ್ ಆಯ್ತು. ತಳದಲ್ಲಿ ಉಳಿದದ್ದು ಸ್ಟೋಕ್. ಆದರೆ ಸ್ಟೋಕ್ ಆಟಗಾರರಿಗೂ ಅಷ್ಟೇ ಮ್ಯಾಚ್ ಸಿಕ್ಕಿತು. ಆ 12 ಸ್ಥಾಪಕ ಕ್ಲಬ್‌ಗಳಲ್ಲಿ ಅಕ್ರಿಂಗ್ಟನ್ ಒಂದು ಮುಚ್ಚಿಹೋಯಿತು, ಬಾಕಿ 11 ಇವತ್ತಿಗೂ ಆಡುತ್ತಿವೆ. ಅವುಗಳಲ್ಲೊಂದಾದ ನಾಟ್ಸ್ ಕೌಂಟಿ 2019ರಲ್ಲಿ ಲೀಗ್‌ನಿಂದಲೇ ಹೊರಕ್ಕೆ ಬಿತ್ತು, 2023ರಲ್ಲಿ ಆಡಿ ಗೆದ್ದು ವಾಪಸ್ ಬಂತು. ಬಡ್ತಿ ಇದೆ, ಹಿಂಬಡ್ತಿ ಇದೆ, ಮತ್ತೆ ಬಡ್ತಿಗೂ ದಾರಿ ಇದೆ. ಏಣಿ ಅಂದ್ರೆ ಅದು.

ಕಪ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ 1871ರಿಂದಲೇ ಇದೆ. ಯುವಕರಿಗೆ ಅಂತ 1952ರಲ್ಲಿ ಎಫ್‌ಎ ಯೂತ್ ಕಪ್ ಶುರುವಾಯ್ತು, ಮೊದಲ ಐದು ವರ್ಷವೂ ಅದನ್ನು ಗೆದ್ದದ್ದು ಮ್ಯಾಂಚೆಸ್ಟರ್ ಯುನೈಟೆಡ್ ಹುಡುಗರು. ಆದರೆ ಅಲ್ಲಿ ಕಪ್ ಅಂದ್ರೆ ಹಬ್ಬದೂಟ, ಲೀಗ್ ಅಂದ್ರೆ ದಿನದ ಊಟ. ದಿಲ್ಲಿಗೆ ಸಿಕ್ಕಿದ್ದು ಮಾತ್ರ ಬರೀ ಹಬ್ಬ.

ಕಪ್‌ಗಳ ರಾಜಧಾನಿ

ಹಬ್ಬ ಮಾತ್ರ ಭರ್ಜರಿಯಾಗೇ ಇತ್ತು. ಅದನ್ನು ಒಪ್ಪಿಕೊಳ್ಳಲೇಬೇಕು.

1940ರಲ್ಲಿ ಡ್ಯುರಾಂಡ್ ಕಪ್ ಶಿಮ್ಲಾ ಬಿಟ್ಟು ದಿಲ್ಲಿಗೆ ಬಂತು. ಫೈನಲ್ ನಡೆದದ್ದು ಇರ್ವಿನ್ ಆಂಫಿಥಿಯೇಟರ್‌ನಲ್ಲಿ. ಇಂಡಿಯಾ ಗೇಟ್ ಹತ್ತಿರ ಇರೋ ಇವತ್ತಿನ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣವೇ ಅದು. ಆ ಡಿಸೆಂಬರ್‌ನಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ರಾಯಲ್ ವಾರಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಡ್ಯುರಾಂಡ್ ಗೆದ್ದ ಮೊದಲ ಭಾರತೀಯ ಕ್ಲಬ್ ಅದು. ಬ್ರಿಟಿಷರ ರಾಜಧಾನಿಯಲ್ಲಿ, ಬ್ರಿಟಿಷ್ ಸೇನಾ ತಂಡದ ಎದುರು.

ನಮ್ಮವರು ಇದಕ್ಕೂ ಮೂರು ವರ್ಷ ಮೊದಲೇ ಇಂಥದ್ದೊಂದು ಮಾಡಿದ್ದರು. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ನಡೀತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತಾ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್. ಮರು ವರ್ಷವೂ ಅವರೇ. ನಮ್ಮ ಮನೆಗಳಲ್ಲಿ ಇದನ್ನು ಹೇಳಿಕೊಳ್ಳುವವರು ಕಡಿಮೆ. ಇರ್ಲಿ, ಬೆಂಗಳೂರಿಗೆ ಆಮೇಲೆ ಬರ್ತೀನಿ.

1945ರಲ್ಲಿ ದಿಲ್ಲಿ ಕ್ಲಾತ್ ಮಿಲ್ಸ್‌ನವರು ಡಿಸಿಎಂ ಟ್ರೋಫಿ ಶುರು ಮಾಡಿದರು. ಮುಂದೆ ಅದಕ್ಕೆ ವಿದೇಶದ ತಂಡಗಳೂ ಬರತೊಡಗಿದವು. ಇರಾನಿನ ತಾಜ್ ಕ್ಲಬ್ ಇಲ್ಲಿಗೆ ಬಂದು ಟ್ರೋಫಿ ಗೆದ್ದುಕೊಂಡು ಹೋಗಿದೆ. ದಿಲ್ಲಿ ಗೇಟ್ ಹತ್ತಿರ, ಕೋಟ್ಲಾ ಕ್ರಿಕೆಟ್ ಮೈದಾನದ ಪಕ್ಕದಲ್ಲೇ ಅಂಬೇಡ್ಕರ್ ಸ್ಟೇಡಿಯಂ ಇದೆಯಲ್ಲ, ಹಳೇ ದಿಲ್ಲಿಯ ಫುಟ್‌ಬಾಲ್‌ಗೆ ಅದೇ ಮನೆ. ವಯಲೆಟ್ ಲೈನ್‌ನಲ್ಲಿ ಓಡಾಡೋರು ದಿನಾ ಅದರ ಹತ್ತಿರವೇ ಹಾದು ಹೋಗ್ತೀರಿ.

ಆದರೆ ಈ ಕಪ್‌ಗಳಲ್ಲಿ ಗೆದ್ದು ಹೋಗುತ್ತಿದ್ದವರು ಬಹುಪಾಲು ಹೊರಗಿನವರು. ಕಲ್ಕತ್ತೆಯ ದೊಡ್ಡ ಕ್ಲಬ್‌ಗಳು, ಹೈದರಾಬಾದ್ ಪೊಲೀಸರು, ಸೇನೆಯ ತಂಡಗಳು, ಪಂಜಾಬಿನವರು. ದಿಲ್ಲಿ ಆತಿಥ್ಯ ಮಾಡಿತು, ಚಪ್ಪಾಳೆ ತಟ್ಟಿತು, ಅವರು ಕಪ್ ಎತ್ತಿಕೊಂಡು ರೈಲು ಹತ್ತಿದರು. ಸಿಟಿ ಕ್ಲಬ್, ಯಂಗ್‌ಮೆನ್, ಶಿಮ್ಲಾ ಯಂಗ್ಸ್, ಹಿಂದುಸ್ತಾನ್, ನ್ಯೂ ದಿಲ್ಲಿ ಹೀರೋಸ್ ಅಂತ ಸ್ಥಳೀಯ ಕ್ಲಬ್‌ಗಳು ಇದ್ದವು, ಸ್ಥಳೀಯ ಲೀಗ್ ಕೂಡ ಇತ್ತು. ಆದರೆ ಅಲ್ಲಿ ಗೆದ್ದರೆ ಮೇಲೆ ಹತ್ತಲು ಯಾವ ಮೆಟ್ಟಿಲೂ ಇರಲಿಲ್ಲ. ಭಾರತಕ್ಕೆ ರಾಷ್ಟ್ರೀಯ ಲೀಗ್ ಅಂತ ಬಂದದ್ದೇ 1996ರಲ್ಲಿ. ಇಂಗ್ಲೆಂಡಿಗಿಂತ 108 ವರ್ಷ ತಡ.

ಕೊನೆಗೆ ಹಬ್ಬವೂ ಊರು ಬಿಟ್ಟಿತು. ಡಿಸಿಎಂ ಟ್ರೋಫಿ ನಿಂತುಹೋಯಿತು. ಡ್ಯುರಾಂಡ್ 2019ರಲ್ಲಿ ಕೋಲ್ಕತ್ತಕ್ಕೆ ಹೋಯಿತು.

ಏರ್ ಮಾರ್ಷಲ್ ಕಂಡ ಕನಸು

ಮಕ್ಕಳ ವಿಷಯಕ್ಕೆ ಬರೋಣ. ದಿಲ್ಲಿ ದೇಶಕ್ಕೆ ಕೊಟ್ಟ ಒಳ್ಳೇ ಕೊಡುಗೆ ಒಂದಿದೆ: ಸುಬ್ರೊತೊ ಕಪ್. ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಏರ್ ಮಾರ್ಷಲ್ ಸುಬ್ರೊತೊ ಮುಖರ್ಜಿ ಅವರ ಕಲ್ಪನೆ ಅದು. ಶಾಲೆಯಲ್ಲೇ ಹುಡುಗರನ್ನು ಹಿಡಿಯಬೇಕು, ಆಗ ಮಾತ್ರ ದೇಶಕ್ಕೆ ಆಟಗಾರರು ಸಿಗ್ತಾರೆ ಅನ್ನೋದು ಅವರ ವಿಚಾರ. 1960ರಲ್ಲಿ ಟೂರ್ನಿ ಶುರುವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಅವರು ತೀರಿಹೋದರು. ವಾಯುಪಡೆ ಅದನ್ನು ಬಿಡದೆ ಇವತ್ತಿಗೂ ನಡೆಸಿಕೊಂಡು ಬಂದಿದೆ. 2012ರಿಂದ ಹುಡುಗಿಯರಿಗೂ ಇದೆ.

ಮಿಜೋರಾಂ, ಮಣಿಪುರ, ಮೇಘಾಲಯ, ಜಾರ್ಖಂಡ್ ಕಡೆಯ ಎಷ್ಟೋ ಮಕ್ಕಳು ಮೊದಲ ಸಲ ದಿಲ್ಲಿ ನೋಡಿದ್ದೇ ಈ ಕಪ್‌ನಿಂದ. ಜಿಲ್ಲೆಯಲ್ಲಿ ಗೆದ್ದು, ರಾಜ್ಯದಲ್ಲಿ ಗೆದ್ದು, ದಿನಗಟ್ಟಲೆ ರೈಲಿನಲ್ಲಿ ಕೂತು ಬರೋದು. ಗುಂಪು ಹಂತ ಇರೋದರಿಂದ ಎರಡು ಮೂರು ಮ್ಯಾಚ್ ಖಂಡಿತ ಸಿಗುತ್ತೆ. ಆಮೇಲೆ? ಸೋತರೆ ವಾಪಸ್ ರೈಲು. ಮುಂದಿನ ದೊಡ್ಡ ಮ್ಯಾಚ್ ಮುಂದಿನ ವರ್ಷ, ಅದೂ ವಯಸ್ಸು ಮೀರಿರದಿದ್ದರೆ. ಕಪ್ ಪ್ರತಿಭೆಯನ್ನು ತೋರಿಸುತ್ತೆ, ಆದರೆ ಬೆಳೆಸೋದಕ್ಕೆ ವಾರ ವಾರ ಆಟ ಬೇಕು. ಈ ವ್ಯತ್ಯಾಸವನ್ನೇ ನಾನು ಇವತ್ತು ಒತ್ತಿ ಹೇಳೋಕೆ ಹೊರಟಿರೋದು.

ಬೆಂಗಳೂರಿನಲ್ಲಿ ಆದದ್ದು

ಈಗ ನಮ್ಮೂರು. ಬೆಂಗಳೂರು ಕಲ್ಕತ್ತೆಯಷ್ಟು ಸದ್ದು ಮಾಡಿದ ಊರಲ್ಲ. ಆದರೂ ಮೈಸೂರು ರಾಜ್ಯದ ತಂಡ 1946-47, 1952-53, 1967-68, 1968-69, ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿನಿಂದ ಈಸ್ಟ್ ಬೆಂಗಾಲ್‌ಗೆ ಹೋಗಿ, ಅಲ್ಲಿನವರು ‘ಪಂಚ ಪಾಂಡವರು’ ಅಂತ ಕರೀತಿದ್ದ ಐವರಲ್ಲಿ ಒಬ್ಬರಾದರು.

ಇಷ್ಟು ಜನ ಎಲ್ಲಿಂದ ಬಂದರು? ಬಡಾವಣೆ ಇತ್ತು, ಲೀಗ್ ಇತ್ತು, ಆಮೇಲಾಮೇಲೆ ನೌಕರಿಯೂ ಸೇರಿಕೊಂಡಿತು. ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬೀದಿಯಲ್ಲಿ ಕಲಿತರು. ಗೌತಮಪುರಕ್ಕೆ ಹೋದರೆ ಇವತ್ತಿಗೂ ಪೆಲೆ ಪ್ರತಿಮೆ ಕಾಣುತ್ತೆ. ಜಿಲ್ಲಾ ಲೀಗ್‌ನಲ್ಲಿ ಸಿ ಡಿವಿಷನ್, ಬಿ, ಎ, ಅದರ ಮೇಲೆ ಸೂಪರ್ ಡಿವಿಷನ್ ಅಂತ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಎಂಇಜಿ ತರಹದ ತಂಡಗಳು. ಚೆನ್ನಾಗಿ ಆಡಿದವನಿಗೆ ಕಾರ್ಖಾನೆಯಲ್ಲಿ ಕೆಲಸ. ಅಶೋಕನಗರದ ಸ್ಟೇಡಿಯಂನಲ್ಲಿ ಕೆಲಸದ ದಿನದ ಮಧ್ಯಾಹ್ನ ನಡೆಯುವ ಆ ಮ್ಯಾಚ್‌ಗಳಿಗೆ ಜನ ತುಂಬಿ ತುಳುಕುತ್ತಿದ್ದರು ಅಂತ ನಾನು ಹೇಳೋದಿಲ್ಲ. ಆದರೆ ಮ್ಯಾಚ್ ನಡೀತಿತ್ತು. ಸೋತವರಿಗೂ ಮುಂದಿನ ವಾರ ಮ್ಯಾಚ್ ಇರ್ತಿತ್ತು.

ನಮ್ಮ ಅಪ್ಪಂದಿರ ಕಾಲದ ಪಬ್ಲಿಕ್ ಸೆಕ್ಟರ್ ಬೆಂಗಳೂರು ಗೊತ್ತಿರುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಕ್ವಾರ್ಟರ್ಸ್, ಕ್ಯಾಂಟೀನ್, ಕನ್ನಡ ಸಂಘ, ಅದರ ಜೊತೆಗೊಂದು ಫುಟ್‌ಬಾಲ್ ತಂಡ. ನಾವು ಐಟಿಯವರು ಅದೇ ಊರಿನಿಂದ ಹೊರಟು ಬಂದವರು. ನಮ್ಮ ಕಂಪನಿಗಳಲ್ಲಿ ಫುಸ್‌ಬಾಲ್ ಟೇಬಲ್ ಇದೆ, ಲೀಗ್ ಆಡುವ ತಂಡ ಇಲ್ಲ!

ಹೋದವರು, ಬಂದವರು

ದಿಲ್ಲಿಯ ಈ ಕೊರತೆಗೆ ಒಬ್ಬರ ಹೆಸರು ಹೇಳಿದರೆ ಸಾಕು: ಸುನಿಲ್ ಛೆಟ್ರಿ. ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ, ತಂದೆ ಸೇನೆಯವರು, ಆಟಗಾರನಾಗಿ ಕಣ್ಣಿಗೆ ಬಿದ್ದದ್ದು ದಿಲ್ಲಿಯಲ್ಲಿ. 2001ರಲ್ಲಿ ಸಿಟಿ ಕ್ಲಬ್ ಪರ ಆಡಿದರು. 2002ರಲ್ಲಿ ಮೋಹನ್ ಬಾಗಾನ್ ಕರೆದುಕೊಂಡು ಹೋಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ನಾಯಕ. ಮೊದಲ ವರ್ಷವೇ ಐ-ಲೀಗ್ ಚಾಂಪಿಯನ್. ಆ ತಂಡದ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದವರು. ದಿಲ್ಲಿಯ ಹುಡುಗ, ಇಂಗ್ಲಿಷ್ ಯೂತ್ ಫುಟ್‌ಬಾಲ್‌ನಲ್ಲಿ ಪಳಗಿದ ಕೋಚ್, ಇಬ್ಬರೂ ನಮ್ಮ ಕಂಠೀರವಕ್ಕೆ ಬಂದು ಸೇರಿದರು. ಛೆಟ್ರಿಯನ್ನು ಈಗ ಯಾರೂ ದಿಲ್ಲಿಯವರು ಅನ್ನೋದಿಲ್ಲ, ನಮ್ಮವರು ಅಂತೀವಿ.

ಕ್ಲಬ್‌ಗಳದ್ದೂ ಅದೇ ಕಥೆ. 2014ರಲ್ಲಿ ಐಎಸ್‌ಎಲ್ ಜೊತೆ ದೆಹಲಿ ಡೈನಮೋಸ್ ಬಂತು. ಡೆಲ್ ಪಿಯೆರೊ ಆಡಿದರು, ಮರುವರ್ಷ ರೊಬರ್ಟೊ ಕಾರ್ಲೋಸ್ ಕೋಚ್ ಆಗಿ ಬಂದರು. 2019ರಲ್ಲಿ ಕ್ಲಬ್ಬನ್ನೇ ಭುವನೇಶ್ವರಕ್ಕೆ ಒಯ್ದು ಒಡಿಶಾ ಎಫ್‌ಸಿ ಅಂತ ಹೆಸರಿಟ್ಟರು. 2023ರಲ್ಲಿ ಬಡ್ತಿ ಪಡೆದು ಐಎಸ್‌ಎಲ್‌ಗೆ ಬಂದ ಪಂಜಾಬ್ ಎಫ್‌ಸಿ ತನ್ನ ತವರು ಮ್ಯಾಚ್‌ಗಳನ್ನು ಆಡಿದ್ದು ನಮ್ಮ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ. ಅದೇ ಹೊತ್ತಿಗೆ ದೆಹಲಿ ಎಫ್‌ಸಿ ಅಂತ ಹೆಸರಿದ್ದ ಕ್ಲಬ್ ಆಡ್ತಿದ್ದದ್ದು ಪಂಜಾಬಿನಲ್ಲಿ! 2025ರಲ್ಲಿ ಹೈದರಾಬಾದ್ ಎಫ್‌ಸಿ ಊರು ಬದಲಿಸಿ ಎಸ್‌ಸಿ ದೆಹಲಿ ಆಯ್ತು. ಕ್ಲಬ್ಬೋ ಬಾಡಿಗೆ ಮನೆಯೋ ಅಂತ ಕೇಳೋ ಹಾಗಿದೆ. ಹನ್ನೊಂದು ತಿಂಗಳ ಕರಾರು ಬಲ್ಲ ನಮಗೆ ಇದು ಬೇಗ ಅರ್ಥ ಆಗುತ್ತೆ.

ಇಂಗ್ಲೆಂಡಿನಲ್ಲೂ ಇಂಥದ್ದು ಆಗಿದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಅನ್ನೋ ಬೇರೆ ಊರಿಗೆ ಎತ್ತಿಕೊಂಡು ಹೋಗಲು 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಅದೇ ವರ್ಷ ತಾವೇ ಸೇರಿ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಒಂಬತ್ತನೇ ಹಂತದಿಂದ ಶುರು ಮಾಡಿ, ಒಂಬತ್ತು ವರ್ಷದಲ್ಲಿ ಐದು ಬಡ್ತಿ ಪಡೆದು, 2011ರಲ್ಲಿ ಫುಟ್‌ಬಾಲ್ ಲೀಗ್‌ಗೆ ಬಂದರು. ಅವರ ಪ್ರೀತಿ ದೊಡ್ಡದೇ. ಆದರೆ ಆ ಪ್ರೀತಿಗೆ ಹತ್ತಲು ಒಂದು ಏಣಿ ಇತ್ತು ಅನ್ನೋದನ್ನ ಮರೀಬಾರದು. 2019ರಲ್ಲಿ ಡೈನಮೋಸ್ ಕಳಕೊಂಡ ದಿಲ್ಲಿಯ ಹುಡುಗರಿಗೆ ಅಂಥ ಏಣಿ ಇರಲಿಲ್ಲ.

ಒಂದು ಕಾರ್ನರ್ ಕಿಕ್

ಅಕ್ಟೋಬರ್ 9, 2017. ನೆಹರೂ ಸ್ಟೇಡಿಯಂ. 17ರ ಒಳಗಿನವರ ವಿಶ್ವಕಪ್, ಭಾರತ ಮತ್ತು ಕೊಲಂಬಿಯಾ. ನಾವು 1-0ಯಿಂದ ಹಿಂದಿದ್ದೆವು. 82ನೇ ನಿಮಿಷ, ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಒದ್ದ, ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟ, ಗೋಲು. ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು ಅದು. ಆ ಸದ್ದು ಅಡಗುವ ಮೊದಲೇ ಕೊಲಂಬಿಯಾ ಇನ್ನೊಂದು ಹೊಡೆದು 2-1 ಮಾಡಿತು. ಅಮೆರಿಕದ ಎದುರು 0-3, ಘಾನಾ ಎದುರು 0-4. ಮೂರು ಮ್ಯಾಚ್‌ಗೆ ನಮ್ಮ ವಿಶ್ವಕಪ್ ಮುಗೀತು.

ಆಮೇಲೆ ಆದದ್ದನ್ನು ಗಮನಿಸಿ. ಈ ಹುಡುಗರನ್ನು ಏನು ಮಾಡೋದು ಅಂತ ಫೆಡರೇಷನ್ ಯೋಚಿಸಿ, ಇಂಡಿಯನ್ ಆ್ಯರೋಸ್ ಅನ್ನೋ ತಂಡವನ್ನು ಮತ್ತೆ ಹುಟ್ಟುಹಾಕಿ 2017-18ರ ಐ-ಲೀಗ್‌ನಲ್ಲಿ ಆಡಿಸಿತು. ದೊಡ್ಡವರ ಎದುರು, ವಾರ ವಾರ. ಗೆಲ್ಲಲಿ ಅಂತಲ್ಲ, ಮ್ಯಾಚ್ ಸಿಗಲಿ ಅಂತ. ವಿಶ್ವಕಪ್ ಆಡಿ ಬಂದ ಹುಡುಗರಿಗೂ ಬೇಕಾಗಿದ್ದದ್ದು ಇನ್ನೊಂದು ಕಪ್ ಅಲ್ಲ, ಲೀಗ್. ಜೀಕ್ಸನ್ ಮುಂದೆ ಹಿರಿಯರ ಭಾರತ ತಂಡದಲ್ಲಿ ಆಡಿದರು. ಆ್ಯರೋಸ್ ತಂಡ ಮಾತ್ರ 2022ರಲ್ಲಿ ಮುಚ್ಚಿತು.

ತಳದಲ್ಲಿ ದೊಡ್ಡವರು, ಫೈನಲ್‌ನಲ್ಲಿ ಹುಡುಗರು

ಈಗ ಸುದೇವ ದೆಹಲಿ ಎಫ್‌ಸಿ ಕಥೆ. ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಇದೇ.

ಮಕ್ಕಳ ಅಕಾಡೆಮಿಯಿಂದ ಬೆಳೆದ ಕ್ಲಬ್ ಅದು. 2020-21ರಲ್ಲಿ ಐ-ಲೀಗ್‌ಗೆ ಪ್ರವೇಶ ಸಿಕ್ಕಿತು. ದಿಲ್ಲಿಯಿಂದ ಐ-ಲೀಗ್‌ಗೆ ಹೋದ ಮೊದಲ ಕ್ಲಬ್. ವಿಧಿ ನೋಡಿ, ಆಗ ಕೋವಿಡ್. ಲೀಗ್ ಪೂರ್ತಿ ಬಂಗಾಳದಲ್ಲಿ. ದಿಲ್ಲಿಯ ಮೊದಲ ಐ-ಲೀಗ್ ಕ್ಲಬ್ ದಿಲ್ಲಿಯಲ್ಲಿ ಒಂದೂ ಮ್ಯಾಚ್ ಆಡಲಿಲ್ಲ. ಎರಡನೇ ವರ್ಷವೂ ಅಲ್ಲೇ. ಮೂರನೇ ವರ್ಷ, 2022-23ರಲ್ಲಿ, ಕೊನೆಗೂ ತವರಿನಲ್ಲಿ ಆಡಿದರು. ಆ ವರ್ಷವೇ ಅಂಕಪಟ್ಟಿಯ ತಳಕ್ಕೆ ಬಿದ್ದು, ಮುಂಬೈ ಕೆಂಕ್ರೆ ಜೊತೆಗೆ ಹಿಂಬಡ್ತಿ ಆಯಿತು.

ಇಷ್ಟೇ ಆಗಿದ್ದರೆ ಇನ್ನೊಂದು ಸೋಲಿನ ಕಥೆ ಅಂತ ಬಿಡಬಹುದಿತ್ತು. ಆದರೆ ಅದೇ 2023ರ ಮೇ ತಿಂಗಳಲ್ಲಿ ಇದೇ ಕ್ಲಬ್‌ನ ಯುವ ತಂಡ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನ ಫೈನಲ್‌ಗೆ ಬಂತು. ಎದುರಿಗೆ ಯಾರು? ನಮ್ಮ ಬೆಂಗಳೂರು ಎಫ್‌ಸಿಯ ಹುಡುಗರು. ಗೆದ್ದದ್ದು ಬೆಂಗಳೂರು, ಸತತ ಎರಡನೇ ಸಲ. ನಾವಿಲ್ಲಿ ಯಾರಿಗೆ ಚಪ್ಪಾಳೆ ತಟ್ಟಬೇಕಿತ್ತೋ ಹೇಳಿ! ಅದಾದ ಮೇಲೆ ಪ್ರೀಮಿಯರ್ ಲೀಗ್‌ನ ನೆಕ್ಸ್ಟ್ ಜನರೇಷನ್ ಕಪ್ ಮುಂಬೈಯಲ್ಲಿ ನಡೀತು. ಅಲ್ಲಿಗೆ ಬಂದ ಇಂಗ್ಲಿಷ್ ಯುವ ತಂಡಗಳಲ್ಲಿ ಎವರ್ಟನ್ ಮತ್ತು ವುಲ್ವ್ಸ್ ಇದ್ದವು. ಎರಡೂ 1888ರ ಆ 12ರಲ್ಲಿದ್ದ ಕ್ಲಬ್‌ಗಳು. ಅದೇ ಟೂರ್ನಿಯಲ್ಲಿ ದಿಲ್ಲಿಯ ಸುದೇವ ಮತ್ತು ನಮ್ಮ ಬೆಂಗಳೂರೂ ಇದ್ದವು.

ಅಂದ್ರೆ ದಿಲ್ಲಿಯ ಮಣ್ಣಿನಲ್ಲಿ ಸಾರ ಇಲ್ಲ ಅಂತಲ್ಲ. ಹುಡುಗರಿಗೆ ಒಂದು ಲೀಗ್ ಸಿಕ್ಕಿತು, ಅವರು ಫೈನಲ್‌ವರೆಗೆ ಬಂದು ತೋರಿಸಿದರು.

2023 ಇನ್ನೊಂದು ಕಾರಣಕ್ಕೂ ಮುಖ್ಯ. ಐ-ಲೀಗ್ ಗೆದ್ದವರಿಗೆ ಐಎಸ್‌ಎಲ್ ಬಾಗಿಲು ತೆರೆದದ್ದು ಆಗ. ರಾಜ್ಯ ಲೀಗ್‌ಗಳಿಂದ ಮೇಲೆ ಬರುವವರಿಗೆ ಅಂತ ಐ-ಲೀಗ್ 3 ಶುರುವಾದದ್ದೂ ಆಗಲೇ. ದಿಲ್ಲಿಯಲ್ಲಿ ಅದಕ್ಕೆ ಸ್ವಲ್ಪ ಮೊದಲು ದೆಹಲಿ ಪ್ರೀಮಿಯರ್ ಲೀಗ್ ಬಂದಿತ್ತು. ಗಲ್ಲಿಯ ಕ್ಲಬ್‌ನಿಂದ ದೇಶದ ತುದಿಯವರೆಗೆ ಕಾಗದದ ಮೇಲಾದರೂ ಒಂದು ಏಣಿ ಆಯ್ತು. 1888ರಿಂದ ಲೆಕ್ಕ ಹಾಕಿ, 135 ವರ್ಷ. ಅದೇ ವರ್ಷ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು.

ಇನ್ನು ನಮ್ಮ ಮಕ್ಕಳು

ಈಗ ಅಸಲು ವಿಷಯ. ನಮ್ಮ ಸೊಸೈಟಿಗಳ ಅಕ್ಕಪಕ್ಕದಲ್ಲೆಲ್ಲ ಅಕಾಡೆಮಿಗಳಿವೆ. ನೈಲಾನ್ ಹುಲ್ಲು, ಫ್ಲಡ್‌ಲೈಟ್, ಎರಡು ಜೊತೆ ಜೆರ್ಸಿ, ಮೂರು ತಿಂಗಳಿಗೊಮ್ಮೆ ಫೀಸ್. ನನ್ನ ಮಗನನ್ನೂ ಅಂಥದ್ದೊಂದಕ್ಕೆ ಸೇರಿಸಿದ್ದೆವು. ಇಡೀ ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಮೂರು ‘ಕಪ್’. ಪ್ರತಿಯೊಂದಕ್ಕೂ ಬೇರೆ ಎಂಟ್ರಿ ಫೀಸ್. ಬೆಳಿಗ್ಗೆ ಏಳಕ್ಕೆ ಹೋಗೋದು, ಹದಿನೈದು ನಿಮಿಷದ ಎರಡು ಮ್ಯಾಚ್, ಹನ್ನೊಂದಕ್ಕೆ ಒಂದು ಪ್ಲಾಸ್ಟಿಕ್ ಮೆಡಲ್ ಹಾಕಿಕೊಂಡು ಕಾರು ಹತ್ತೋದು. ‘ಅಪ್ಪಾ, ಮುಂದಿನ ಮ್ಯಾಚ್ ಯಾವಾಗ?’ ಅಂತ ಅವನು ಕೇಳ್ತಿದ್ದ. 1888ರಲ್ಲಿ ಮೆಕ್‌ಗ್ರೆಗರ್ ಕೇಳಿದ್ದೂ ಇದೇ ಪ್ರಶ್ನೆ.

ಇಂಗ್ಲೆಂಡಿನ ಒಂದು ನಿಯಮ ಹೇಳ್ತೀನಿ, ನಿಮಗೆ ಆಶ್ಚರ್ಯ ಆಗಬಹುದು. ಅಂಕಪಟ್ಟಿಯ ತವರಾದ ಆ ದೇಶದಲ್ಲಿ 11ರ ಒಳಗಿನ ಮಕ್ಕಳ ಲೀಗ್‌ಗಳ ಫಲಿತಾಂಶವನ್ನಾಗಲಿ, ಅಂಕಪಟ್ಟಿಯನ್ನಾಗಲಿ ಪ್ರಕಟಿಸೋ ಹಾಗಿಲ್ಲ. ಸಣ್ಣ ಮಕ್ಕಳಿಗೆ ಐದೈದು ಜನರ ಆಟ, ಆಮೇಲೆ ಏಳೇಳು, ಆಮೇಲೆ ಒಂಬತ್ತೊಂಬತ್ತು, ಕೊನೆಗೆ ಹನ್ನೊಂದು. ಮ್ಯಾಚ್ ವಾರ ವಾರ ಇರುತ್ತೆ, ಪಟ್ಟಿ ಇರಲ್ಲ. ಅಪ್ಪ ಅಮ್ಮಂದಿರು ಗೋಡೆಗೆ ಅಂಟಿಸಿದ ಸ್ಥಾನ ನೋಡಿ ಮಗುವಿನ ಮೇಲೆ ಕಿರುಚಬಾರದು ಅಂತ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಬಿಸಿ ಉಂಡು ಬೆಳೆದ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗಬೇಕು. ವೇಳಾಪಟ್ಟಿ ಮೊದಲು, ಅಂಕಪಟ್ಟಿ ಆಮೇಲೆ. ಅವರು ಹುಟ್ಟಿಸಿದ ಕ್ರಮವನ್ನೇ ಮಕ್ಕಳಿಗೂ ಉಳಿಸಿಕೊಂಡಿದ್ದಾರೆ. ನಮ್ಮಲ್ಲೂ 2018ರಿಂದ ಫೆಡರೇಷನ್‌ನ ಗೋಲ್ಡನ್ ಬೇಬಿ ಲೀಗ್ ಅಂತ ಹೆಚ್ಚುಕಡಿಮೆ ಇದೇ ಆಲೋಚನೆಯ ಯೋಜನೆ ಬಂತು.

ಹಾಗಾಗಿ ಫೀಸ್ ಕಟ್ಟುವ ಮೊದಲು ಅಕಾಡೆಮಿಯವರನ್ನ ಮೂರು ಪ್ರಶ್ನೆ ಕೇಳಿ. ಒಂದು, ನಮ್ಮ ಮಗುವಿನ ವಯಸ್ಸಿನ ಗುಂಪಿಗೆ ವರ್ಷಕ್ಕೆ ಎಷ್ಟು ಲೀಗ್ ಮ್ಯಾಚ್ ಖಾತ್ರಿ? ಎರಡು, ಆ ಲೀಗ್ ನಡೆಸುವವರು ಯಾರು, ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯಾ? ಮೂರು, ಬೆಂಚ್‌ನಲ್ಲಿ ಕೂತ ಮಕ್ಕಳಿಗೂ ಇಷ್ಟು ನಿಮಿಷ ಆಡಲು ಸಿಗುತ್ತೆ ಅನ್ನೋ ನಿಯಮ ಇದೆಯಾ? ವಿದೇಶದ ಯಾವ ಕ್ಲಬ್‌ನ ಲೋಗೋ ಹಾಕಿದ್ದಾರೆ ಅನ್ನೋದು ನಾಲ್ಕನೇ ಪ್ರಶ್ನೆ. ಅದನ್ನ ಕೇಳದಿದ್ದರೂ ನಡೆಯುತ್ತೆ.

ಗಢವಾಲಿಗಳಿಂದ ಒಂದು ಪಾಠ

ಕೊನೆಯದಾಗಿ ಒಂದು ಕ್ಲಬ್‌ನ ಹೆಸರು ಹೇಳ್ತೀನಿ: ಗಢವಾಲ್ ಹೀರೋಸ್. ಬೆಟ್ಟದ ಊರುಗಳನ್ನು ಬಿಟ್ಟು ದಿಲ್ಲಿಗೆ ಕೆಲಸ ಹುಡುಕಿಕೊಂಡು ಬಂದ ಗಢವಾಲಿಗಳು 1953ರಲ್ಲಿ ಕಟ್ಟಿದ ಕ್ಲಬ್ ಅದು. ಡೈನಮೋಸ್ ಬಂದು ಹೋಯಿತು, ಡ್ಯುರಾಂಡ್ ಬಂದು ಹೋಯಿತು. 70 ವರ್ಷ ದಾಟಿದ ಮೇಲೂ ಗಢವಾಲ್ ಹೀರೋಸ್ ದಿಲ್ಲಿಯಲ್ಲೇ ಆಡುತ್ತಿದೆ. ವಲಸೆ ಬಂದವರು ಕಟ್ಟಿದ ಕ್ಲಬ್ ವಲಸೆ ಹೋಗಲಿಲ್ಲ.

ದಿಲ್ಲಿಗೆ ನಮಗಿಂತ ಮೊದಲು ಬಂದ ಕನ್ನಡಿಗರೂ ಸುಮ್ಮನೆ ಕೂತವರಲ್ಲ. ಆರ್.ಕೆ. ಪುರದಲ್ಲಿ ಕರ್ನಾಟಕ ಸಂಘ ಕಟ್ಟಿದರು, ಲೋಧಿ ಎಸ್ಟೇಟ್‌ನಲ್ಲಿ ಕನ್ನಡ ಶಾಲೆ ನಡೆಸಿದರು. ಯಕ್ಷಗಾನ, ನಾಟಕ, ರಾಜ್ಯೋತ್ಸವ ಎಲ್ಲ ಆಯ್ತು. ಈಗ ಎನ್‌ಸಿಆರ್‌ನಲ್ಲಿ ನಮ್ಮ ಮಕ್ಕಳ ಸಂಖ್ಯೆ ಎಷ್ಟಿದೆ ಅಂತ ನಿಮ್ಮ ನಿಮ್ಮ ವಾಟ್ಸಾಪ್ ಗುಂಪು ನೋಡಿದರೇ ಗೊತ್ತಾಗುತ್ತೆ. ನವೆಂಬರ್‌ನಲ್ಲಿ ಒಂದು ದಿನದ ‘ರಾಜ್ಯೋತ್ಸವ ಕಪ್’ ಮಾಡೋದು ಸುಲಭ. ಬ್ಯಾನರ್, ಭಾಷಣ, ಬಿಸಿಬೇಳೆಬಾತ್, ಸಂಜೆಗೆ ಮುಗೀತು. ಅದರ ಬದಲು ಆರು ತಂಡ ಮಾಡಿ. ಎರಡು ವಾರಕ್ಕೊಂದರಂತೆ ಹತ್ತು ಮ್ಯಾಚ್, ಸೋತವರಿಗೂ ಹತ್ತು. ಅಕ್ಟೋಬರ್‌ನಿಂದ ಮಾರ್ಚ್, ನಡುವೆ ಹೊಗೆ ಮಂಜಿನ ವಾರಗಳಲ್ಲಿ ಬಿಡುವು. ಹುಡುಗಿಯರು, ಹುಡುಗರು ಕೂಡಿಯೇ ಆಡಲಿ. ಮೈದಾನದ ಬಾಡಿಗೆ ಹಂಚಿಕೊಂಡರೆ ಅಕಾಡೆಮಿಯ ಮೂರು ಕಪ್‌ಗಿಂತ ಕಡಿಮೆಗೇ ಬೀಳುತ್ತೆ, ನಾನು ಲೆಕ್ಕ ಹಾಕಿ ನೋಡಿದ್ದೀನಿ.

ಗುರುಗ್ರಾಮದ ಕಡೆ ಎರಡು ತಂಡಕ್ಕೆ ಆಗುವಷ್ಟು ಮಕ್ಕಳು ಈಗಾಗಲೇ ಇದ್ದಾರೆ. ನೋಯ್ಡಾ, ದ್ವಾರಕಾ, ಮಯೂರ್ ವಿಹಾರ್ ಕಡೆಯವರು ಯಾರಾದರೂ ಮುಂದೆ ಬಂದರೆ ಪಟ್ಟಿ ತಯಾರು ಮಾಡೋಣ. ವೇಳಾಪಟ್ಟಿ ಮಾತ್ರ. ಇನ್ನೊಂದು ಪಟ್ಟಿ ಮಕ್ಕಳು ದೊಡ್ಡವರಾದ ಮೇಲೆ ನೋಡ್ಕೊಳ್ಳೋಣ.

ವಿಡಿಯೋ ಕೆಳಗೆ ನಿಮ್ಮ ಮಗುವಿನ ವಯಸ್ಸು, ನೀವಿರುವ ಸೆಕ್ಟರ್ ಬರೆದರೆ ಸಾಕು. ಹೆಸರು, ಫೋನ್ ನಂಬರ್ ಹಾಕಬೇಡಿ.